ಸಯನ್‌ನಿಂದ ಇಸ್ತಾಂಬುಲಿಗೆ ಒಂದೇ ಹಾಸು

ಸಯನ್, ಮುಂಬಯಿ
೧೮ ಫೆಬ್ರುವರಿ ೧೯೭೦

ಚಿ. ಸೌ. ಕಸ್ತೂರಿಬಾಯಿಗೆ ಆಶೀರ್ವಾದಗಳು.

ಹೊರಡುವ ಗಡಿಬಿಡಿಯಲ್ಲಿ ಹೇಳಲಾಗದೆ ಉಳಿದ ಸಂಗತಿಗಳನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

೧. ನೀನು, ಲಾರಿಯ ಚಾಲಕ ಅಣವೀರಪ್ಪ, ಲಾರಿ ಮತ್ತು ಮಡಿಸುವ ಮಗ್ಗ ಸೋಮವಾರ ಹಡಗಿನಲ್ಲಿ ಮುಂಬಯಿ ಬಿಟ್ಟಿರಿ. ಪ್ರಾಚೀನ ವಣಿಕ್ಪಥ ಯಾತ್ರೆಯಲ್ಲಿ ಭಾರತದ ಪಾಲು ಇಷ್ಟೇ. ಉಳಿದ ದೇಶಗಳವರು ಇರಾನಿನ ಖುರ್ರಂಶಹರ್ ಬಂದರಿನಲ್ಲಿ ನಿಮ್ಮನ್ನು ಕೂಡಿಕೊಳ್ಳುತ್ತಾರೆ.

೨. ಮಗ್ಗವನ್ನು ಜೋಗೇಶ್ವರಿಯ ನಮ್ಮ ಕಾರ್ಖಾನೆಯಲ್ಲಿ ನಾನೇ ರಚಿಸಿದ್ದು ನಿನಗೆ ಗೊತ್ತಿದೆ. ಬೋಲ್ಟುಗಳ ಮೇಲೆ ಅಂಕಿ ಹೊಡೆದಿದ್ದೇನೆ. ಅಂಕಿಯ ಕ್ರಮದಲ್ಲಿಯೇ ಬಿಗಿಸಬೇಕು. ಅಣವೀರಪ್ಪ 'ಅಂದಾಜಿನ ಮ್ಯಾಲೆ' ಎಂದರೆ ಒಪ್ಪಬೇಡ.

೩. ಹಳೆಯ ವ್ಯಾಪಾರದ ದಾರಿಯ ಪ್ರತಿಯೊಂದು ಮುಖ್ಯ ಊರಿನಲ್ಲಿ ಅಲ್ಲಿಯ ನೇಕಾರರು ತಮ್ಮ ನೂಲಿನ ಉದ್ದೆಳೆಗಳ ಹಾಸು ಕೊಡುವರು. ಇಳಕಲ್ಲಿನಲ್ಲಿ ಸೀರೆಯ ಒಡಲಿಗೆ ಸೆರಗನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವಂತೆ, ನೀನು ಅದನ್ನು ಹಿಂದಿನ ಊರಿನ ಹಾಸಿನ ಎಳೆಗಳಿಗೆ ಕೂಡಿಸಬೇಕು. ಬಳಿಕ ಅವರೂ ನೀನೂ ನೇಯಬೇಕು. ಮುಂಬಯಿಯ ಹತ್ತಿ ಮೊದಲು, ಇಸ್ತಾಂಬುಲಿನ ರೇಷ್ಮೆ ಕೊನೆಗೆ. ನಡುವೆ ಎಲ್ಲಿಯೂ ಕತ್ತರಿ ತಾಗದ ಒಂದೇ ಬಟ್ಟೆ.

೪. ಕೊನೆಯ ಹಾಸಿನ ಮೊದಲ ನೇಯ್ಗೆ ಇಸ್ತಾಂಬುಲಿನಲ್ಲಿ ಮೇ ೫ರಂದು, ಉದ್ಘಾಟನೆಯ ಸಭೆಯ ಎದುರಿನಲ್ಲಿ. ಅದು ನಡೆದರೆ ನಮ್ಮ ಮಗ್ಗಕ್ಕೆ ವೆನಿಸ್‌ವರೆಗಿನ ಎರಡನೆಯ ಹಂತದಲ್ಲಿ ಸ್ಥಾನವಿದೆ. ನಡೆಯದಿದ್ದರೆ ಮಗ್ಗವೂ ನೀನೂ ಅಲ್ಲಿಂದಲೇ ಹಿಂತಿರುಗಬೇಕು.

೫. ಈ ಯಾತ್ರೆಯ ವೇಳಾಪಟ್ಟಿ ನನ್ನದು. ದಾರಿಯ ದೂರ, ಹಿಮ ಕರಗುವ ಕಾಲ, ಗಡಿಯ ಕಚೇರಿಗಳ ರಜೆ, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ. ಅದರಲ್ಲಿ ತಪ್ಪಿಲ್ಲ.

೬. ಯಾತ್ರೆಯ ಸಮಿತಿಯ ಕಾರ್ಯದರ್ಶಿ ರಮಾನಾಥ ಅವರು ಗಂಡಸನ್ನೇ ಕಳಿಸಬೇಕೆಂದಿದ್ದರು. ಆದರೆ ಜೋಗೇಶ್ವರಿಯಲ್ಲಿ ಅವರ ಎದುರಿಗೆ ನಿನ್ನ ಕೊಂಡಿಗೆ ತೂಕ ಕಟ್ಟಿ ಎಳೆದಾಗ ನೂಲು ಹರಿಯಿತು, ಕೊಂಡಿ ಹರಿಯಲಿಲ್ಲ. ಇದನ್ನು ನೀನು ದಾರಿಯಲ್ಲಿ ಮರೆಯಬಾರದೆಂದು ಬರೆದಿದ್ದೇನೆ.

ಹಡಗು ಕಣ್ಮರೆಯಾದ ಬಳಿಕವೂ ನಾನು ಮತ್ತು ಮೋಹಿನಿ ಬ್ಯಾಲಾರ್ಡ್ ಪಿಯರಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆವು. ಬಸ್ಸು ಬರಲಿ ಎಂದು. ನಮ್ಮ ಮಗಳು, "ಅಪ್ಪಾಜಿ, ಬಸ್ ತೋ ಎರಡು ಹೋದ್ವು," ಎಂದಳು. ನಾನು ಗಮನಿಸಿರಲಿಲ್ಲ.

ಇತಿ,
ಗುರಲಿಂಗಪ್ಪ

*

ಖುರ್ರಂಶಹರ್, ಇರಾನ್
೪ ಮಾರ್ಚ್ ೧೯೭೦

ಮನಿ ಯಜಮಾನರಿಗೆ ಶರಣು ಶರಣಾರ್ಥಿ.

ನಾವು ಹಡಗ ಇಳಿಯೂದ್ರಾಗ ನಿಮ್ಮ ಪತ್ರ ಟಪಾಲ ಕಚೇರಿಯೊಳಗ ಕಾಲ ಮ್ಯಾಲೆ ಕಾಲ ಹಾಕ್ಕೊಂಡ ಕುಂತಿತ್ತು. ನೀವು ಅಂದ್ರ ನೀವ ನೋಡ್ರಿ! ಅಣವೀರಪ್ಪಗ ಓದಿ ಹೇಳಿದೆ. ಎರಡನೇ ಕಲಮ ಕೇಳಿದಂವ, "ಅಕ್ಕಾರ, ಸಾಹೇಬ್ರು ಬೋಲ್ಟಿಗೆ ಅಂಕಿ ಹೊಡದಾರ, ಪುಣ್ಯಾ, ನನಗ ಹೊಡದಿಲ್ಲ," ಅಂದ.

ಈ ಲಕೋಟಿ ಮ್ಯಾಲೆ ನಿಮ್ಮ ಹೆಸರ ಬರದಂವ ಅಂವನ. ಇಪ್ಪತ್ತಾರು ವರ್ಷ ಬಾಯಾಗ ತಗೊಳ್ಳದ ಹೆಸರ, ಪರದೇಶಕ್ಕ ಬಂದ ಕೂಡಲೇ ಕೈಲೆ ಬರೀಲೇನು?

ಹಡಗಿನ್ಯಾಗ ಎಲ್ಲಾರೂ ತಲಿ ಹಿಡಕೊಂಡ ಮಲಗಿದ್ರು. ನಾ ಮಾತ್ರ ಡೆಕ್ಕಿನ ಮ್ಯಾಲೆ ಕುಂತು ಖಡಕ ರೊಟ್ಟಿ, ಶೇಂಗಾ ಹಿಂಡಿ ತಿಂದೆ. ನೀರು ಅಂದ್ರ ಎಷ್ಟ ನೀರ್ರಿ! ಸಯನದ ನಳಕ್ಕ ಕ್ಯೂ ಹಚ್ಚಾವರನ್ನ ಒಮ್ಮೆ ಇಲ್ಲಿ ತಂದು ನಿಲ್ಲಸಬೇಕು ಅನ್ನಿಸ್ತು.

ಮಸ್ಕತದಾಗ ಒಬ್ಬ ಕಚ್ಛಿ ವ್ಯಾಪಾರಿ, ವಯಸ್ಸಾದಂವ, ಹಡಗಿಗೆ ಬಂದಿದ್ದ. ನನ್ನ ಸೀರಿ ದಡಿ ನೋಡಿದವನ, "ಬೆಹನ್, ಯೇ ಕಿನಾರ್ ಮೇರೆ ದಾದಾ ಕೀ ದುಕಾನ್ ಮೇ ಥಾ," ಅಂದ. ಇಂಥಾ ದಡಿ ಅವರ ಅಜ್ಜನ ಅಂಗಡ್ಯಾಗ ಇತ್ತಂತ. ಆ ಕಾಲದಾಗ ಮುಂಬಯಿಂದ ಹಾಯಿ ಹಡಗಿನ್ಯಾಗ ಬಟ್ಟಿ ಗಂಟ ಬರ್ತಿದ್ವಂತ, ತಿರುಗಿ ಹೋಗೂಮುಂದ ಖಜೂರಿ ಹೋಗ್ತಿತ್ತಂತ. ನಾ ಅಂದೆ, "ಭಾಯಿ, ಈ ಸಲ ಬಟ್ಟಿ ಸಂಗಾಟ ಮಗ್ಗಾನೂ ಬಂದೈತಿ, ನೇಯಾಕಿನೂ ಬಂದಾಳ." ಅಂವ ಎದ್ದು ನಿಂತು ಕೈ ಮುಗದ. ನನ್ನ ಜೀವಮಾನದಾಗ ಯಾರೂ ಹಂಗ ಎದ್ದು ನಿಂತಿರಲಿಲ್ರಿ.

ಯಾತ್ರಾದ ಮುಖ್ಯಸ್ಥರು ಮಿಸೆಸ್ ಹೋಲ್ಮ್, ಡೆನ್ಮಾರ್ಕದಾವರು. ಖಜೂರಿ ಗಿಡದಷ್ಟ ಎತ್ತರ, ಹಂಗ ನಡಿಯೂದೂ ಸೀದಾ. ನಿಮ್ಮ ಟೈಮಟೇಬಲ ಯಾತ್ರಾದ ಬಸ್ಸಿನ ಬಾಗಲಿಗೆ ಅಂಟಿಸ್ಯಾರ.

ಒಂದ ಮಾತ ಕೇಳಲೇನು? ಆ ಮೇ ಐದನೇ ತಾರೀಖ ಆರಿಸಿದವರು ಯಾರು? ನೀವೋ, ರಮಾನಾಥರೋ, ಇಸ್ತಾಂಬುಲದವರೋ? ಸುಮ್ಮ ಕೇಳಿದೆ.

ನಿಮ್ಮ
ಕಸ್ತೂರಿ

*

ಸಯನ್
೧೪ ಮಾರ್ಚ್ ೧೯೭೦

ಚಿ. ಸೌ. ಕಸ್ತೂರಿಬಾಯಿಗೆ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮೇ ೫ನ್ನು ಆರಿಸಿದವನು ನಾನೇ. ಅದಕ್ಕಿಂತ ಮೊದಲಾದರೆ ಪೂರ್ವ ತುರ್ಕಿಯ ಕಣಿವೆಗಳಲ್ಲಿ ಹಿಮ ಉಳಿದು ಲಾರಿ ತಡವಾದೀತು. ಅದಕ್ಕಿಂತ ಬಹಳ ಮುಂದೂಡಿದರೆ ಅಲ್ಲಿಯ ಸಭೆಯ ಸ್ಥಳ ಸಿಗದು. ನಿನ್ನ ಪ್ರಶ್ನೆಯ ಹಿಂದಿನ ಕಳವಳ ನನಗೆ ಅರ್ಥವಾಗಿದೆ. ಸತತ ಪ್ರಯಾಣದಿಂದ ದಣಿವಾಗುತ್ತದೆಂಬ ಭಯ ಬೇಡ. ತಬ್ರೀಜಿನಲ್ಲಿ ಒಂದು ದಿನದ ವಿಶ್ರಾಂತಿ ಸೇರಿಸಲು ಮಿಸೆಸ್ ಹೋಲ್ಮ್ ಅವರಿಗೆ ಬರೆದಿದ್ದೇನೆ.

ಇಸ್ಫಹಾನಿನಲ್ಲಿ ರೇಷ್ಮೆ ಬರುತ್ತದೆ. ಶಿರಾಜಿನ ಉಣ್ಣೆಗೂ ರೇಷ್ಮೆಗೂ ಹಿಗ್ಗುವ ಗುಣ ಬೇರೆ. ಆದ್ದರಿಂದ ಎರಡನ್ನೂ ಒಂದೇ ಬಿಗಿತದಲ್ಲಿ ಕಟ್ಟಬೇಡ. ಮಗ್ಗದ ಹಿಂದಿನ ದಿಂಡಿನ ಬದಿಗೆ ತೂಗುಬಿಡಲು ಕೊಟ್ಟ ಸೀಸದ ತುಂಡುಗಳು ಇದಕ್ಕೇ.

ಮನೆಯ ಸುದ್ದಿ. ಹೊರಕೋಣೆಯ ಗೋಡೆಗೆ ದೊಡ್ಡ ನಕಾಶೆ ಹಚ್ಚಿದ್ದೇನೆ. ನೀನಿರುವ ಊರಿಗೆ ಕೆಂಪು ಗುಂಡುಸೂಜಿ. ಅದನ್ನು ನೋಡಲು ಬಿಲ್ಡಿಂಗಿನ ಜನರೆಲ್ಲ ಸಂಜೆ ಬರತೊಡಗಿದ್ದಾರೆ. ಎದುರು ಮನೆಯ ಇಂದ್ರಾಬಾಯಿ ಮೊದಲ ದಿನ, "ಏನ್ರಿ ಸಾಹೇಬ್ರ, ಹೆಂಡ್ತಿನ್ನ ಪಾರ್ಸಲ್ ಮಾಡಿ ಗೋಡಿ ನೋಡ್ಕೋತ ಕುಂತೀರಲ್ಲ!" ಎಂದು ನಕ್ಕಳು. ಈಗ ಪ್ರತಿದಿನ ಅವಳೇ ಮೊದಲು ಬಂದು, "ಕಸ್ತೂರಿ ಎಲ್ಲಿ ಮುಟ್ಟಿದ್ಳು?" ಎಂದು ಕೇಳುತ್ತಾಳೆ. ನಿನ್ನ ಪತ್ರವನ್ನು ಗಟ್ಟಿಯಾಗಿ ಓದಿದೆ. ಮಸ್ಕತದ ವ್ಯಾಪಾರಿ ಎದ್ದು ನಿಂತ ಭಾಗವನ್ನು ಎರಡು ಸಲ ಓದಿಸಿದರು. ಲಕೋಟೆಯ ಹೆಸರಿನ ಭಾಗವನ್ನು ನಾನು ಓದಲಿಲ್ಲ.

ಮೋಹಿನಿ ರೊಟ್ಟಿ ಬಡಿಯಲು ಕಲಿಯುತ್ತಿದ್ದಾಳೆ. "ಅವ್ವಗ ಬರೀರಿ ಅಪ್ಪಾಜಿ, ಭಾಕ್ರಿ ಬರ್ತದ, ಲೇಕಿನ್ ಗೋಲ್ ಆಗೂದಿಲ್ಲ," ಎಂದಿದ್ದಾಳೆ. ನಿನ್ನೆಯ ರೊಟ್ಟಿಯ ಆಕಾರ ಇರಾನ್ ದೇಶದ ನಕಾಶೆಯನ್ನು ಹೋಲುತ್ತಿತ್ತು. ರುಚಿ ಸರಿಯಿತ್ತು.

ನಾನು ಸುಖವಾಗಿದ್ದೇನೆ. ಇಲ್ಲಿಯ ಚಿಂತೆ ಬೇಡ.

ಇತಿ,
ಗುರಲಿಂಗಪ್ಪ

*

ಇಸ್ಫಹಾನ್
೨೬ ಮಾರ್ಚ್ ೧೯೭೦

ಯಜಮಾನರಿಗೆ ಶರಣಾರ್ಥಿ.

ಎಲ್ಲಿಂದ ಸುರು ಮಾಡ್ಲಿ? ಶಿರಾಜದಾಗ ಉಣ್ಣಿ ಹಾಸು ಕೂಡಿತು. ಅದು ಸಲೀಸಾಗಿ ಕೂಡಿತು. ಇಲ್ಲಿ ರೇಷ್ಮಿ ನನ್ನ ಅಳಿಸಿ ಬಿಟ್ಟಿತ್ತು, ಆದ್ರ ಗೆದ್ದೀನ್ರಿ, ಗೆದ್ದೀನಿ!

ಇಲ್ಲಿ ರೇಷ್ಮಿ ನೇಯಾಕಿ ಮಾಹರೂಖ ಖಾನಂ ಅಂತ, ನನ್ನ ವಾರಿಗಿಯಾಕಿನ. ಅಕಿಗೆ ಫಾರ್ಸಿ, ನನಗ ಕನ್ನಡ, ಆದ್ರೂ ಮೊದಲನೇ ದಿನಾನ ಜಗಳಾಡಿದ್ವಿ. ನಾ ಕೊಂಡಿ ಹಾಕೂದು, ಅದು ಜಾರೂದು. ನಾ ನಮ್ಮ ಗಂಜಿ ಹಚ್ಚಿದೆ. ಅಕಿ ನನ್ನ ಕೈ ಬಡದು ಗಂಜಿ ಬಟ್ಟಲ ಆಚಿಗೆ ಸರಿಸಿದ್ಳು. ನಾ ಈಚಿಗೆ ಎಳಕೊಂಡೆ. ಅಣವೀರಪ್ಪ ನಡುವ ನಿಂತು ವಿಜಾಪುರದ ಹಿಂದಿಯೊಳಗ ಪಂಚಾಯ್ತಿ ಮಾಡಿದ. "ಅಕ್ಕಾರ, ಇವರು ನಮ್ಮ ದಖನಿ ಮಾತ ಆಡ್ತಾರ, ಆದ್ರ ಅರ್ಧಾ ನುಂಗ್ತಾರ," ಅಂತಾನ. ಕಡೀಕ ಅಕಿ ಯಾವುದೋ ಗಿಡದ ಗೋಂದ ನೆನಸಿದ ನೀರ ತಂದ್ಳು. ಅದನ್ನ ಬೆರಳಿಗೆ ಸವರಿ ಕೊಂಡಿ ಹಾಕಿದೆ. ನಿಂತ ಬಿಡ್ತು! ನಿಮ್ಮ ಸೀಸದ ತುಂಡ ತೂಗಬಿಟ್ಟೆ. ಹತ್ತಿ ಒಂದ ಕಡೆ, ಉಣ್ಣಿ ಒಂದ ಕಡೆ, ರೇಷ್ಮಿ ಒಂದ ಕಡೆ, ಮೂರೂ ಒಂದ ಮನಿ ಸೊಸೆಂದಿರಂಗ ಸುಮ್ಮನ ಕುಂತ್ವು. ಮಾಹರೂಖ ನನ್ನ ಅಪ್ಪಿಕೊಂಡ್ಳು. ಗಂಜಿ ಬಟ್ಟಲಾನೂ ಕೊಟ್ಳು.

ಇಲ್ಲಿ ಮಸೂತಿ ಗುಮ್ಮಟ ನೋಡಬೇಕ್ರಿ. ನಮ್ಮ ಗೋಳಗುಮ್ಮಟಕ್ಕ ಯಾರೋ ನೀಲಿ ಪತ್ತಲ ಉಡಿಸಿದಂಗ ಐತಿ. ನಡುವ ನಿಂತು ಅಣವೀರಪ್ಪ ಚಪ್ಪಾಳಿ ತಟ್ಟಿದ. ಗುಮ್ಮಟ ತಿರುಗಿ ತಿರುಗಿ ಚಪ್ಪಾಳಿ ತಟ್ಟಿತು. ಅಂವ ಮುಣಕಾಲೂರಿ, "ಊರ ಕಡೆ ನೆನಪಾತ್ರಿ ಅಕ್ಕಾರ," ಅಂದು ಕಣ್ಣ ಒರಸಿಕೊಂಡ.

ಇವರ ಹೊಸ ವರ್ಷ ಈಗ ಆತು. ನಾವು ನವರಾತ್ರಿಯೊಳಗ ಘಟಕ್ಕ ಹಾಕತೀವಲ್ಲ, ಹಂಗ ಗೋದಿ ಸಸಿ ಬೆಳಸಿ ಮುಂದ ಇಟ್ಟಿದ್ರು. ಹದಿಮೂರನೇ ದಿನ ಯಾರೂ ಮನಿಯಾಗ ಇರೂದಿಲ್ಲಂತ, ಎಲ್ಲಾರೂ ಹೊರಗ ಹೋಗಬೇಕಂತ. ಊರೂರಿಗೆ ಹಿಂಗ ಒಂದೊಂದ ದಿನದ ಕಟ್ಟಳಿ ಇರತೈತಿ. ನೀವು ಇಂಥಾವನ್ನೆಲ್ಲಾ ಟೈಮಟೇಬಲಿನ್ಯಾಗ ಹಿಡದೀರೇನು?

ಮೇ ಐದರ ವಿಚಾರ ಬರದದ್ದು ಓದಿದೆ. ನೀವ ಆರಿಸಿದ್ದು ಅಂದ್ರಿ. ಇರ್ಲಿ.

ನಿಮ್ಮ
ಕಸ್ತೂರಿ

*

ಸಯನ್
೧೧ ಏಪ್ರಿಲ್ ೧೯೭೦

ಚಿ. ಸೌ. ಕಸ್ತೂರಿಬಾಯಿಗೆ ಆಶೀರ್ವಾದಗಳು.

ನೀನು ಈಗ ಎಲ್ಲಿರುವೆಯೆಂದು ಖಚಿತವಿಲ್ಲದ್ದರಿಂದ ಇದನ್ನು ಇಸ್ತಾಂಬುಲಿನ ವಿಳಾಸಕ್ಕೆ ಕಳಿಸುತ್ತಿದ್ದೇನೆ. ನಿನ್ನ ಪತ್ರದ ಕೊನೆಯ 'ಇರ್ಲಿ' ಎಂಬ ಮಾತಿನ ಅರ್ಥ ನನಗೆ ತಿಳಿದಿರಲಿಲ್ಲ. ಈಗ ತಿಳಿಯಿತು.

ಯುಗಾದಿಯ ಹಿಂದಿನ ದಿನ ಮಲಾಡಿಗೆ ಹೋಗಿದ್ದೆ. ಎರಡನೆಯ ಹಂತಕ್ಕೆ ಎಳೆ ಹಾಯಿಸುವ ಬಾಚಣಿಗೆಯಂಥ ಹೊಸ ಫಣಿ ಬೇಕಾಗುತ್ತದೆಂದು ನೇಕಾರ ಮುರಿಗೆಪ್ಪನಿಗೆ ಹೇಳಿಟ್ಟಿದ್ದೆ. ಅವನ ಖೋಲಿಯಲ್ಲಿ ಮಗ್ಗದ ಮೇಲೆ ಧೋತ್ರ ಹೊದಿಸಿತ್ತು. ಅವನು ಹೊಸ್ತಿಲ ಮೇಲೆ ಅಡಿಕೆ ಕತ್ತರಿಸುತ್ತ ಕುಳಿತಿದ್ದ.

"ಫಣಿ ಸಿದ್ಧವಾಯಿತೆ?" ಎಂದೆ.

"ಇವತ್ತ ಎಲ್ಲೀದ್ರಿ ಸಾಹೇಬ್ರ? ಅಮವಾಸಿ. ಮಗ್ಗ ಮುಟ್ಟೂದಿಲ್ಲ."

"ಫಣಿ ಮಗ್ಗವಲ್ಲವಲ್ಲ."

"ಹಂಗಾರ ಹಲ್ಲ ಬಾಯಾಗಿಂದಲ್ಲೇನ್ರಿ?" ಎಂದು ನಕ್ಕ. ಬಳಿಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಇಳಕಲ್ಲ ಅಳಿಯಾ ಆಗಿ ಇದ ಗೊತ್ತಿಲ್ಲಂದ್ರ, ಮಾವನ ಮನಿಯಾಗ ಬರೇ ಹೋಳಿಗಿ ಉಂಡ ಬಂದೀರಿ," ಎಂದ.

ಲೋಕಲಿನಲ್ಲಿ ನಿಂತುಕೊಂಡು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆ. ಒಂದು ಅಮಾವಾಸ್ಯೆಯಿಂದ ಮುಂದಿನದಕ್ಕೆ ಇಪ್ಪತ್ತೊಂಬತ್ತೂವರೆ ದಿನ. ಅಂಧೇರಿ ಬರುವಷ್ಟರಲ್ಲಿ ಉತ್ತರ ಬಂತು. ಮೇ ೫.

ದಾದರಿನಲ್ಲಿ ಇಳಿಯಬೇಕಾದವನು ಇಳಿಯದೆ ಮುಂದೆ ಹೋದೆ. ಮದುವೆಯಾದ ವರ್ಷ ಇಳಕಲ್ಲಿಗೆ ಹೋದಾಗ ಒಂದು ಬೆಳಿಗ್ಗೆ ಇಡೀ ಓಣಿ ನಿಶ್ಶಬ್ದವಾಗಿದ್ದದ್ದು ನೆನಪಾಯಿತು. ಯಾರೋ ತೀರಿಕೊಂಡಿರಬೇಕೆಂದು ನಾನು ನಿನ್ನ ತಂದೆಯವರನ್ನು ಮೆಲ್ಲಗೆ, "ಯಾರು ಹೋದರು?" ಎಂದು ಕೇಳಿದ್ದೆ. ಅವರು, "ಚಂದ್ರ," ಎಂದು ನಕ್ಕಿದ್ದರು. ಹಿಮವನ್ನು ಲೆಕ್ಕಕ್ಕೆ ಹಿಡಿದವನು ಚಂದ್ರನನ್ನು ಬಿಟ್ಟೆ.

ರಮಾನಾಥ ಅವರ ಮೂಲಕ ತಂತಿ ಕಳಿಸಿ ದಿನ ಬದಲಿಸಲು ಕೇಳಿದೆ. ಆಮಂತ್ರಣಗಳು ಹೋಗಿವೆ, ಸಾಧ್ಯವಿಲ್ಲ ಎಂದು ಉತ್ತರ ಬಂದಿದೆ. ಅಂದು ನೇಯದಿದ್ದರೆ ಎರಡನೆಯ ಹಂತದ ನಿಬಂಧನೆ ಹಾಗೆಯೇ ಉಳಿಯುತ್ತದೆಂದೂ ತಿಳಿಸಿದ್ದಾರೆ.

ನಿನಗೆ ಇದು ಮೊದಲೇ ಗೊತ್ತಿತ್ತೆ? ಗೊತ್ತಿದ್ದರೆ ಏಕೆ ಹೇಳಲಿಲ್ಲ? ಈ ಎರಡು ಪ್ರಶ್ನೆಗಳನ್ನು ಆಕ್ಷೇಪಣೆಯೆಂದು ತಿಳಿಯಬೇಡ. ಏನು ಮಾಡಬೇಕೆಂಬ ನಿರ್ಣಯ ನಿನ್ನದು. ನನ್ನ ಅಭಿಪ್ರಾಯವನ್ನು ಬರೆಯುತ್ತಿಲ್ಲ.

ಇತಿ,
ಗುರಲಿಂಗಪ್ಪ

*

ಎರ್ಜುರುಮ್, ತುರ್ಕಿ
೧೮ ಏಪ್ರಿಲ್ ೧೯೭೦

ಯಜಮಾನರಿಗೆ ಶರಣಾರ್ಥಿ.

ಮೊದಲ ಛಲೋ ಸುದ್ದಿ. ತಬ್ರೀಜದ ಉಣ್ಣಿ ಕೂಡಿತು! ಅಲ್ಲಿ ಗಾಲೀಚಾ ನೇಯಾವರು ಊರ ಹಬ್ಬಾ ಮಾಡಿದಂಗ ಮಾಡಿದ್ರು. ಹೊಂಡೂಮುಂದ ಹಳೇ ಗಾಲೀಚಾ ನಾಕು ಲಾರಿಗೆ ಏರಿಸಿದ್ರು. ಯಾಕಂತ ತಿಳೀಲಿಲ್ಲ. ಘಾಟಿನ್ಯಾಗ ಬರ್ಫದಾಗ ಲಾರಿ ಸಿಕ್ಕಾಗ ತಿಳೀತು. ಗಾಲಿ ಬುಡಕ ಹಾಸಿ ದಾಟಿದ್ವಿ. "ಅಕ್ಕಾರ, ಬಾದಶಹಾಗೂ ಇಷ್ಟ ದಿಮಾಕ ಇರಲಿಲ್ಲ, ನನ್ನ ಲಾರಿ ಗಾಲೀಚಾದ ಮ್ಯಾಲೆ ನಡೀತು," ಅಂತ ಅಣವೀರಪ್ಪ ಕೈ ಉಜ್ಜಿಕೋತ ಕುಣದ. ನಾ ಜೀವಮಾನದಾಗ ಮೊದಲ ಸಲ ಬರ್ಫ ಮುಟ್ಟಿದೆ. ಸುಟ್ಟಂಗ ಆಗತೈತ್ರಿ!

ಇನ್ನ ಗಡಿ ಸುದ್ದಿ ಕೇಳ್ರಿ. ತುರ್ಕಿ ಸಾಹೇಬ, ಮೀಸಿ ಇಷ್ಟ ಉದ್ದ, ನನ್ನ ಪಾಸಪೋರ್ಟ ಹಿಡಕೊಂಡು, "ಗಂಡನ ಹೆಸರ ಏನು?" ಅಂದ. ನಾ ಅವನ ಕೈಯಾಗಿನ ಪಾಸಪೋರ್ಟಿನ ಕಡೆ ಬೆರಳ ಮಾಡಿದೆ. ಇನ್ನೊಮ್ಮೆ ಅಂದ. ನಾ ಕಾಗದಾ ತೋರಿಸಿದೆ. "ಕಾಗದ ಬ್ಯಾಡ, ಬಾಯಿಲೆ ಹೇಳು," ಅಂದ. ಹೆಸರ ಹೇಳದಾಕಿ ಪಾಸಪೋರ್ಟಿನ ನಿಜವಾದ ಒಡತಿ ಹೌದೋ ಅಲ್ಲೋ ಅಂತ ಅವನ ಸಂಶಯ. ಅಣವೀರಪ್ಪ ಬಾಯಿ ತಗದ್ರ, "ನೀ ಅಲ್ಲ, ಅಕಿ," ಅಂತ ಗದರಿಸಿದ. ಹಿಂದ ಇಡೀ ಬಸ್ಸ ನಿಂತೈತಿ. ಮಿಸೆಸ್ ಹೋಲ್ಮ್ ಕೈಗಡಿಯಾರ ನೋಡಾಕತ್ತಾರ. ಮದುವಿಯಾಗ ಭೂಮದ ಊಟಕ್ಕ ಕುಂತಾಗ ಹೆಂಗಸರೆಲ್ಲಾ ಬಾಗಲ ಅಡ್ಡ ನಿಂತು ಹೆಸರ ಹೇಳು ಅಂತ ಕಾಡತಾರಲ್ಲ, ಹಂಗ ಆತು. ಹಂಗಾರ ಪ್ರಾಸದಾಗ ಹೆಸರ ಕೂಡಿಸಿ ಒಡಪ ಹಾಕೇ ಹೇಳಬೇಕು ಅಂತ ಸೆರಗ ಹೊದ್ದು, ದನಿ ಎತ್ತಿ ಹೇಳೇ ಬಿಟ್ಟೆ:

ಮುಂದ ಬರ್ಫ, ಹಿಂದ ಬರ್ಫ, ನಡುವ ನಮ್ಮ ಗಾಡಿ,
................ ಹೆಂಡತಿ ನಾ, ಹಾದಿ ಬಿಡ್ರಿ ನೋಡಿ!

ಚುಕ್ಕಿ ಇಟ್ಟಲ್ಲಿ ಏನಿತ್ತು ಅಂತ ನಿಮಗ ಗೊತ್ತು. ಅಣವೀರಪ್ಪ ಅರ್ಧಾ ದಖನಿ, ಅರ್ಧಾ ಕೈಸನ್ನಿ ಮಾಡಿ ಅರ್ಥ ಬಿಡಿಸಿ ಹೇಳಿದ. ಮೀಸಿ ಸಾಹೇಬ ಒಳಗಿಂದ ತನ್ನ ದೊಡ್ಡ ಸಾಹೇಬನ್ನ ಕರದು ಇನ್ನೊಮ್ಮೆ ಹೇಳಿಸಿದ. ಆಮ್ಯಾಲೆ ಧಡ್ ಅಂತ ಶಿಕ್ಕಾ ಹೊಡದ. ನಿಮ್ಮ ಹೆಸರಿಗೆ ತುರ್ಕಿ ದೇಶದಾಗ ಚಾ ಕೊಟ್ರು.

ಈಗ ಇನ್ನೊಂದ ಮಾತು. ಇದನ್ನ ಗಟ್ಟಿಯಾಗಿ ಓದಬ್ಯಾಡ್ರಿ.

ಮೇ ಐದು ಅಮವಾಸಿ. ಜೋಗೇಶ್ವರಿಯೊಳಗ ನೀವು ಟೈಮಟೇಬಲ ಗೋಡಿಗೆ ಹಚ್ಚಿದ ದಿನಾನ ನನಗ ಗೊತ್ತಾಗಿತ್ತು. ಹೇಳಲಿಲ್ಲ. ಎಲ್ಲಾರ ಮುಂದ ನಿಮ್ಮ ಲೆಕ್ಕದಾಗ ತಪ್ಪ ತಗದಂಗ ಆಗ್ತಿತ್ತು, ಅದು ಒಂದ ಕಾರಣ. ಇನ್ನೊಂದು, ಹೇಳಿದ್ರ ರಮಾನಾಥರು ಅಮವಾಸಿ ಗಿಮವಾಸಿ ಇಲ್ಲದ ಬ್ಯಾರೆ ಯಾರನ್ನರ ಕಳಸ್ತಿದ್ರು. ನನಗ ಬರಬೇಕಾಗಿತ್ರಿ. ಬಾಳ ಬರಬೇಕಾಗಿತ್ತು. ಎರಡ ಸಲ ನಿಮಗ ಸುಳಿವ ಕೊಟ್ಟೆ. ನೀವು ವಿಶ್ರಾಂತಿ ಕೊಡಿಸಿದ್ರಿ.

ನಮ್ಮಪ್ಪ ಜ್ವರದಾಗೂ ನೇಯ್ದಾನ, ಅಮವಾಸಿಗೆ ಮಾತ್ರ ಮುಟ್ಟಿಲ್ಲ. ಮಗ್ಗಕ್ಕೂ ಒಂದ ದಿನ ಉಸಿರಾಡಾಕ ಬೇಕು ಅಂತಿದ್ದ. ನಾನೂ ಮುಟ್ಟೂದಿಲ್ಲ. ವೆನಿಸ್ ತಪ್ಪತೈತಿ, ನಿಮ್ಮ ಮಗ್ಗ ತಿರುಗಿ ಬರತೈತಿ, ನಿಮಗ ಸಿಟ್ಟ ಬರತೈತಿ. ಎಲ್ಲಾ ಗೊತ್ತೈತಿ. ಆದ್ರೂ ಮುಟ್ಟೂದಿಲ್ಲ.

ನಿಮ್ಮ
ಕಸ್ತೂರಿ

*

ತಂತಿ
ಮುಂಬಯಿ, ೨೯ ಏಪ್ರಿಲ್ ೧೯೭೦

ಪತ್ರ ತಲುಪಿತು. ಮಗ್ಗ ಮುಟ್ಟಬೇಡ. ಸಿಟ್ಟಿಲ್ಲ. ಗುರಲಿಂಗಪ್ಪ.

*

ಇಸ್ತಾಂಬುಲ್
೭ ಮೇ ೧೯೭೦

ಯಜಮಾನರಿಗೆ ಸಾವಿರ ಶರಣಾರ್ಥಿ.

ನಿಮ್ಮ ಏಪ್ರಿಲ್ ಪತ್ರಾನೂ ತಂತೀನೂ ಒಂದ ದಿನಾನ ಕೈಗೆ ಬಂದ್ವು. ಪತ್ರದಾಗ ಅಭಿಪ್ರಾಯ ಬರಿಯೂದಿಲ್ಲ ಅಂದಿದ್ರಿ. ತಂತಿಯೊಳಗ ಬರದಿದ್ರಿ. ನಾ ತಂತೀನ ಸೆರಗಿನ ತುದೀಗೆ ಕಟ್ಟಿಕೊಂಡೆ.

ನಾಕನೇ ತಾರೀಖ ಕೊಂಡಿ ಎಲ್ಲಾ ಹಾಕಿ ಮುಗಿಸಿದೆ. ಇಲ್ಲಿ ರೇಷ್ಮಿ ಕೊಟ್ಟಾಕಿ ನುರಿಯೆ ಹಾನಿಮ್ ಅಂತ, ಎಪ್ಪತ್ತರ ಮುದುಕಿ. ಬಾಯಾಗ ಹಲ್ಲಿಲ್ಲ, ಕಣ್ಣಾಗ ಮಿಂಚ. ಕೆಲಸ ಮುಗದ ಮ್ಯಾಲೆ ಮಿಸೆಸ್ ಹೋಲ್ಮರಿಗೆ ಹೇಳಿದೆ, "ನಾಳೆ ನಾ ಮುಟ್ಟೂದಿಲ್ಲ." ಅವರ ಮಾರಿ ಸುಣ್ಣಾ ಹಚ್ಚಿದಂಗ ಆತು. "ಕಸ್ತೂರಿ! ಅಷ್ಟ ಜನಾ ಬರತಾರ!" ಅಂದ್ರು. ನಾ ಅಂದೆ, "ಬರ್ಲಿ. ಮಗ್ಗ ಮಲಗೇತಿ ಅಂತ ಹೇಳ್ರಿ."

ಐದನೇ ತಾರೀಖ ಮುಂಜಾನೆ ನನ್ನ ಮದುವಿ ಇಳಕಲ್ ಸೀರಿ ಮಗ್ಗದ ಮ್ಯಾಲೆ ಹೊದಿಸಿ, ಬಾಜೂಕ ಕುಂತೆ. ಜಾಗಾ ಅಂದ್ರ ಹಿಂದಕ ದೂರ ದೂರದ ವ್ಯಾಪಾರಿಗಳು ಒಂಟಿ ಕಟ್ಟಿ ಇಳಕೊಳ್ತಿದ್ದ ಹಳೇ ಸರಾಯಿ, ನಮ್ಮ ಧರ್ಮಶಾಲಾ ಇದ್ದಂಗ. ಅಂಗಳ ತುಂಬ ಕುರ್ಚಿ. ಭಾಷಣಾ ಆದ್ವು. ಎಲ್ಲಾರೂ ನನ್ನ ಕಡೆ ನೋಡಿದ್ರು. ನಾ ಕೈ ಮುಗದು ಸುಮ್ಮ ಕುಂತೆ. ಮಿಸೆಸ್ ಹೋಲ್ಮ್ ಸಾವಕಾಶ ನುರಿಯೆ ಹಾನಿಮ್‌ಗೆ, "ನೀವರ ನಾಕ ಎಳಿ ನೇಯ್ರಿ," ಅಂದ್ರು.

ಮುದುಕಿ ಏನ ಮಾಡಿದ್ಳು ಗೊತ್ತೇನು? ಎರಡೂ ಕೈ ಶಾಲಿನೊಳಗ ಮುಚ್ಚಿಕೊಂಡ್ಳು! ಏನೋ ಗಟ್ಟಿಯಾಗಿ ಅಂದ್ಳು. ಕುಂತಿದ್ದ ಹೆಂಗಸರೆಲ್ಲಾ ಹೋ ಅಂತ ನಕ್ಕು ಚಪ್ಪಾಳಿ ಹೊಡದ್ರು. ಆಮ್ಯಾಲೆ ದುಭಾಷಿ ಬಿಡಿಸಿ ಹೇಳಿದ, ಇಲ್ಲಿ ಮಂಗಳವಾರ ಹೊಸ ಕೆಲಸ ಹಚ್ಚೂದಿಲ್ಲಂತ್ರಿ. ಮಂಗಳವಾರ ಹಚ್ಚಿದ್ದು ತೂಗ್ಯಾಡಕೋತ ಉಳೀತೈತಿ, ಮುಗಿಯೂದಿಲ್ಲ ಅಂತ ಮಾತ ಐತಂತ. ಮೇ ಐದು ಮಂಗಳವಾರ! ಅಕಿಗೂ ಮೊದಲ ಗೊತ್ತಿತ್ತು. ಕಲಿತವರ ಮುಂದ ಹೆಂಗ ಹೇಳೂದಂತ ಸುಮ್ಮ ಇದ್ಳಂತ. ಅಣವೀರಪ್ಪ, "ಅಕ್ಕಾರ, ನೀವಿಬ್ರೂ ಹಿಂದಿನ ಜನ್ಮದಾಗ ಒಂದ ಓಣಿಯಾವರು," ಅಂದ. ನುರಿಯೆ ನನ್ನ ಬಾಜೂಕ ಬಂದು ಕುಂತ್ಳು. ಇಬ್ಬರೂ ಕೈ ಕಟ್ಟಿ ಕುಂತ್ವಿ.

ಅಕಿ ಮತ್ತೊಂದ ಹೇಳಿದ್ಳು. ಮರುದಿನ ಆರು ಅವರ ದೊಡ್ಡ ಹಬ್ಬ, ಚೈತ್ರ ಬಂದ ಹಬ್ಬ ಇದ್ದಂಗ. ಏನ ಹಚ್ಚಿದ್ರೂ ಫಲಾ ಕೊಡೂ ದಿನ ಅಂತ. ಕುರ್ಚಿ ಮ್ಯಾಲೆ ಕುಂತ ದೊಡ್ಡ ಸಾಹೇಬರು ಎದ್ದು, "ಹಂಗಾದ್ರ ನಾನೂ ನಾಳೆ ಬರತೀನಿ," ಅಂದ್ರು.

ನಿನ್ನೆ ಎರಡು ಪಟ್ಟ ಜನಾ ಬಂದ್ರು. ಗುಲಾಬಿ ಗಿಡಕ್ಕ ಹರಕಿ ಚಿಂದಿ ಕಟ್ಟಿ, ಹಾಡಕೋತ ಬಂದ್ರು. ಸೀರಿ ತಗದೆ. ನುರಿಯೆ ಒಂದ ಕಡೆಯಿಂದ ಲಾಳಿ ಒಗದ್ಳು, ನಾ ಈ ಕಡೆ ಹಿಡದೆ. ಕೊಂಡಿ ನಿಂತ್ವು! ಒಂದೂ ಹರೀಲಿಲ್ಲ. ಮುಂಬಯಿಂದ ಇಸ್ತಾಂಬುಲ ಮಟ ಒಂದ ಬಟ್ಟಿ, ಕತ್ತರಿ ತಾಗದ ಬಟ್ಟಿ. ಬಿಚ್ಚಿ ಹಿಡದಾಗ ಎಲ್ಲಾರೂ ಎದ್ದು ನಿಂತ್ರು. ಈ ಸಲ ನನಗ ರೂಢಿ ಆಗಿತ್ತು.

ಮಿಸೆಸ್ ಹೋಲ್ಮ್ ರಾತ್ರಿ ಊಟದಾಗ ಹೇಳಿದ್ರು, ನಿಬಂಧನೆ ಕಾಗದದ ಮ್ಯಾಲೆ ಐದು ಅಂತೈತಿ, ಅವರ ಲೆಕ್ಕದಾಗ ಆರೂ ನಡೀತೈತಿ ಅಂತ. ವೆನಿಸ್‌ಗೆ ಹೊಂಡೂದು ಜುಲೈ ಎರಡನೇ ವಾರ. ಹೋಗಲೇನು ಅಂತ ನಿಮ್ಮನ್ನ ಕೇಳತೀನಿ.

ಇನ್ನೊಂದ ವಿಚಾರ. ಮಗ್ಗದ ಒಂಬತ್ತನೇ ಬೋಲ್ಟ ಸಡಲಾಗೇತಿ. ಅಣವೀರಪ್ಪ ಅಂದಾಜಿನ ಮ್ಯಾಲೆ ಬಿಗಿ ಮಾಡ್ಯಾನ. ಅಂವಗ ಲಾರಿ ತಿಳೀತೈತಿ, ಮಗ್ಗ ತಿಳಿಯೂದಿಲ್ಲ. ಎರಡನೇ ಹಂತಕ್ಕ ಒಬ್ಬ ಇಂಜಿನಿಯರ ಬೇಕಂತ ಮಿಸೆಸ್ ಹೋಲ್ಮ್ ಹುಡುಕಾಕತ್ತಾರ. ನಾ ಏನೂ ಹೇಳಿಲ್ಲ.

ನಿಮ್ಮ
ಕಸ್ತೂರಿ

*

ಸಯನ್
೧೬ ಮೇ ೧೯೭೦

ಚಿ. ಸೌ. ಕಸ್ತೂರಿಬಾಯಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ನಿನ್ನೆ ಸಂಜೆ ನಕಾಶೆಯ ಮುಂದೆ ಓದಿದೆ. ಮುದುಕಿ ಶಾಲಿನೊಳಗೆ ಕೈ ಮುಚ್ಚಿಕೊಂಡ ಭಾಗಕ್ಕೆ ಬಂದಾಗ ಇಂದ್ರಾಬಾಯಿ ಎಷ್ಟು ಗಟ್ಟಿಯಾಗಿ ಕೂಗಿದಳೆಂದರೆ ಕೆಳಗಿನ ಮಹಡಿಯವರು ಏನಾಯಿತೆಂದು ಓಡಿಬಂದರು. ಅವರಿಗಾಗಿ ಮೊದಲಿನಿಂದ ಓದಬೇಕಾಯಿತು. ಮೋಹಿನಿ ಇಸ್ತಾಂಬುಲಿನ ಮೇಲೆ ಸೂಜಿ ಚುಚ್ಚಿ, "ಅವ್ವ ಏಕದಮ್ ಗ್ರೇಟ್ ಅದಾಳ," ಎಂದು ಕುಣಿದಳು. ಮಲಾಡಿನಿಂದ ಫಣಿ ತಂದುಕೊಡಲು ಬಂದಿದ್ದ ಮುರಿಗೆಪ್ಪ ಎಲ್ಲವನ್ನೂ ಕೇಳಿ, "ನಾ ಹೇಳಿದ್ನಲ್ಲ," ಎಂದು ಒಂದೇ ಮಾತು ಹೇಳಿ ಫಣಿಯನ್ನು ನನ್ನ ಕೈಗಿಟ್ಟ.

ಒಂದು ಸಂಗತಿಯನ್ನು ನಾನು ಬರೆದಿರಲಿಲ್ಲ. ಲೋಕಲಿನಲ್ಲಿ ಮೇ ೫ ಅಮಾವಾಸ್ಯೆಯೆಂದು ಗೊತ್ತಾದಾಗ ಮೊದಲು ನನಗಾದದ್ದು ಸಂತೋಷ. ನೀನು ಮೇ ತಿಂಗಳ ಕೊನೆಗೆ ಮನೆಗೆ ಬರುವಿ ಎಂದು. ಅದು ಬಹಳ ಹೊತ್ತು ಇರಲಿಲ್ಲ. ಆದರೆ ಇತ್ತು. ಪತ್ರದಲ್ಲಿ ಅಭಿಪ್ರಾಯ ಬರೆಯದಿದ್ದದ್ದು ಆ ಕಾರಣಕ್ಕೆ. ಬರೆದಿದ್ದರೆ ಯಾವುದು ನಿನ್ನ ಹಿತ, ಯಾವುದು ನನ್ನ ಆಸೆ ಎಂದು ನನಗೇ ಬೇರೆ ಮಾಡಲಾಗುತ್ತಿರಲಿಲ್ಲ. ಬರ್ಫದ ನಡುವೆ ನಿಂತು ನೀನು ಮುಟ್ಟುವುದಿಲ್ಲವೆಂದು ಬರೆದ ಮೇಲೆ ಅದು ಬೇರೆಯಾಯಿತು.

ವೆನಿಸ್‌ಗೆ ಹೋಗಲೇ ಎಂದು ಕೇಳಿರುವೆ. ಹೋಗು.

ಒಂಬತ್ತನೆಯ ಬೋಲ್ಟಿನ ವಿಷಯ. ಆ ಬೋಲ್ಟಿಗೆ ನಾನು ಎರಡು ನಟ್ಟು ಹಾಕಿ, ಮೇಲೆ ಪಿನ್ನು ಹೊಡೆದಿದ್ದೇನೆ. ಅದು ಸಡಿಲವಾಗಲು ಸಾಧ್ಯವಿಲ್ಲ. ನಿನ್ನೆ ಮೊದಲ ಸಲ ಓದಿದಾಗ ಅಣವೀರಪ್ಪನ ಮೇಲೆ ಸಿಟ್ಟು ಬಂತು. ಎರಡನೆಯ ಸಲ ಓದಿದಾಗ ನೀನು ಅದನ್ನು ಏಕೆ ಬರೆದಿರುವೆ ಎಂಬುದು ತಿಳಿಯಿತು. ಈ ಸಲ ವಿಶ್ರಾಂತಿ ಕೊಡಿಸುತ್ತಿಲ್ಲ.

ಇಂದು ಬೆಳಿಗ್ಗೆ ರಮಾನಾಥ ಅವರನ್ನು ಕಂಡೆ. ನನ್ನ ಪಾಸ್‌ಪೋರ್ಟು ಮತ್ತು ಪರವಾನಗಿಯ ಕೆಲಸವನ್ನು ಅವರು ಮಾಡಿಸುತ್ತಾರೆ. "ಗಂಡಸನ್ನು ಕಳಿಸಬೇಕೆಂದು ನಾನು ಮೊದಲೇ ಹೇಳಿದ್ದೆ," ಎಂದು ನಕ್ಕರು. ಕಾರ್ಖಾನೆಯಲ್ಲಿ ನಾನು ತೆಗೆದುಕೊಳ್ಳದೆ ಉಳಿಸಿದ ರಜೆ ಸಾಕಷ್ಟಿದೆ. ಮೋಹಿನಿಯ ಜೊತೆಗೆ ಇರಲು ಧಾರವಾಡದಿಂದ ನನ್ನ ತಂಗಿ ಕಾಶವ್ವ ಬರುತ್ತಾಳೆ. ನಕಾಶೆಯ ಸೂಜಿಗಳ ಜವಾಬ್ದಾರಿಯನ್ನು ಇಂದ್ರಾಬಾಯಿ ಕೇಳಿ ಪಡೆದಿದ್ದಾಳೆ.

ಎರಡನೆಯ ಹಂತದ ವೇಳಾಪಟ್ಟಿಯನ್ನು ನೀನು ಮತ್ತು ನುರಿಯೆ ಹಾನಿಮ್ ಕೂಡಿ ಹಾಕಿರಿ. ದೂರ ಮತ್ತು ದಾರಿಯನ್ನು ನಾನು ನೋಡಿಕೊಳ್ಳುತ್ತೇನೆ. ದಿನಗಳು ನಿಮ್ಮವು. ತುರ್ಕಿಯ ಗಡಿಯಲ್ಲಿ ನನ್ನ ಹೆಂಡತಿಯ ಹೆಸರು ಕೇಳಿದರೆ ನನಗೆ ಒಡಪು ಬರುವುದಿಲ್ಲ. ಹಾಗೆಯೇ ಹೇಳುತ್ತೇನೆ.

ಜೂನ್ ನಾಲ್ಕು ಅಮಾವಾಸ್ಯೆ. ಹಡಗು ಎಂಟಕ್ಕೆ ಇದೆ. ನಾನು ಅದರಲ್ಲಿ ಬರಲು ನಿರ್ಧರಿಸಿದ್ದೇನೆ.

ಗುರಲಿಂಗಪ್ಪ